ಎರಡು ಗೆಲುವು, ಎಂಟು ಸೋಲು: 1971ರ ಮಾರ್ಷಲ್ ತಂಡ

(ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಕಾಲೇಜು ತಂಡಗಳ ಕೋಚ್‌ಗಳ ಎದುರು ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಹತ್ತು ಆಟ ಆಡಿ ಎಂಟು ಸೋತ ತಂಡವೊಂದರ ಬಗ್ಗೆ ಇವತ್ತು ಮಾತಾಡುತ್ತೇನೆ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಕಾಲೇಜಿನ ತಂಡವನ್ನು ನೋಡಿಕೊಳ್ಳುವವರು. ಕಪ್ ಗೆದ್ದವರ ಕಥೆ ನಿಮಗೆ ಬೇಕಾದಷ್ಟು ಸಿಗುತ್ತದೆ. ಅದನ್ನು ಹೇಳುವುದಕ್ಕೆ ನಾನು ಬೇಕಾಗಿಲ್ಲ. ಸೋತ ಈ ತಂಡದ ಕಥೆಯನ್ನು ನಾನು ಹಲವು ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಮ್ಮ ಕೆಲಸ ಏನು ಅನ್ನುವುದು ನನಗೆ ಸರಿಯಾಗಿ ಅರ್ಥವಾಗಿದ್ದು ಇದರಿಂದಲೇ.

ಊರಿನ ಹೆಸರು ಹಂಟಿಂಗ್ಟನ್. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ, ಓಹಾಯೊ ನದಿಯ ದಡದಲ್ಲಿದೆ. ಆಗ ಅಲ್ಲಿ ಒಂದು ಲಕ್ಷ ಜನವೂ ಇರಲಿಲ್ಲ. ಸುತ್ತ ಗುಡ್ಡ, ಕಲ್ಲಿದ್ದಲು, ಕಾರ್ಖಾನೆ. ಊರಿಗೆ ಹೆಮ್ಮೆ ಅಂತ ಇದ್ದದ್ದು ಮಾರ್ಷಲ್ ವಿಶ್ವವಿದ್ಯಾಲಯ. ಅದರ ಫುಟ್‌ಬಾಲ್ ತಂಡಕ್ಕೆ ‘ಥಂಡರಿಂಗ್ ಹರ್ಡ್’ ಅಂತ ಹೆಸರು. ಗುಡುಗಿನ ಹಾಗೆ ಸದ್ದು ಮಾಡುತ್ತ ನುಗ್ಗುವ ಕಾಡೆಮ್ಮೆಗಳ ಹಿಂಡು ಅಂದುಕೊಳ್ಳಿ. ಬಣ್ಣ ಹಸಿರು ಮತ್ತು ಬಿಳಿ.

ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡು ಅಲ್ಲ. ಇದು ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಒಂದು ಕಡೆಗೆ ಹನ್ನೊಂದು ಜನ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು ಅಂಕ. ಇವತ್ತಿನ ಮಾತಿಗೆ ಇಷ್ಟು ಸಾಕು. ಅಲ್ಲಿ ಕಾಲೇಜು ಫುಟ್‌ಬಾಲಿಗೆ ಇರುವ ಜನಬೆಂಬಲ ಮಾತ್ರ ನಿಮಗೆ ಗೊತ್ತಿರಬೇಕು. ಶನಿವಾರ ಬಂತೆಂದರೆ ಇಡೀ ಊರು ಮೈದಾನದಲ್ಲಿರುತ್ತದೆ. ಮುಖ್ಯ ಕೋಚ್ ಅಂದರೆ ಬರೀ ಆಟ ಕಲಿಸುವವನಲ್ಲ. ಹೈಸ್ಕೂಲು ಹೈಸ್ಕೂಲು ತಿರುಗಿ, ಹುಡುಗರ ಮನೆಗೆ ಹೋಗಿ, ಅಮ್ಮಂದಿರ ಎದುರು ಕೂತು, “ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕಳಿಸಿ, ನಾನು ನೋಡಿಕೊಳ್ಳುತ್ತೇನೆ” ಅಂತ ಮಾತು ಕೊಟ್ಟು ಕರೆತರುವವನು. ಆ ಮಾತಿನ ಭಾರ ಎಷ್ಟು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮಾರ್ಷಲ್ ಆಗ ದೊಡ್ಡ ತಂಡವೇನೂ ಅಲ್ಲ. 1966ರಿಂದ 1969ರವರೆಗೆ ಸತತ 27 ಆಟಗಳಲ್ಲಿ ಅದಕ್ಕೆ ಒಂದೂ ಗೆಲುವಿರಲಿಲ್ಲ. ಹುಡುಗರನ್ನು ಸೇರಿಸಿಕೊಳ್ಳುವಾಗ ನಿಯಮ ಮೀರಿದ್ದಕ್ಕೆ ತಾನಿದ್ದ ಲೀಗಿನಿಂದಲೂ ಹೊರಬಿದ್ದಿತ್ತು. ಆಮೇಲೆ ರಿಕ್ ಟಾಲಿ ಎಂಬ ಮೂವತ್ತರ ಯುವಕ ಕೋಚ್ ಆಗಿ ಬಂದು ನಿಧಾನವಾಗಿ ತಂಡ ಕಟ್ಟುತ್ತಿದ್ದರು. 1970ರ ನವೆಂಬರ್ 14ರಂದು ಈಸ್ಟ್ ಕೆರೊಲಿನಾ ಮೇಲೆ 17–14ರಿಂದ ಸೋತರು. ಮೂರೇ ಅಂಕದ ಅಂತರ. ಸಾಮಾನ್ಯವಾಗಿ ಬಸ್ಸಿನಲ್ಲಿ ಓಡಾಡುವ ತಂಡ ಅದು. ಆ ವರ್ಷ ವಿಮಾನದಲ್ಲಿ ಹೋಗಿದ್ದು ಆ ಒಂದೇ ಆಟಕ್ಕೆ.

ಸಂಜೆ ಮಳೆ, ಮಂಜು. ರಾತ್ರಿ 7 ಗಂಟೆ 36 ನಿಮಿಷಕ್ಕೆ ಆ ವಿಮಾನ ಹಂಟಿಂಗ್ಟನ್ ವಿಮಾನ ನಿಲ್ದಾಣಕ್ಕೆ ಸುಮಾರು ಒಂದು ಮೈಲಿ ದೂರದಲ್ಲಿ ಗುಡ್ಡದ ಮರಗಳಿಗೆ ತಾಗಿ ಬಿತ್ತು. ಒಳಗಿದ್ದ 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 37 ಆಟಗಾರರು. ಟಾಲಿ ಮತ್ತು ಅವರ ಜೊತೆಯ ಸಿಬ್ಬಂದಿ ಸೇರಿ ಎಂಟು ಜನ. ಊರಿನ ಅಭಿಮಾನಿಗಳು 25 ಜನ. ಉಳಿದವರು ವಿಮಾನದ ಕಡೆಯವರು. ಆ ಅಭಿಮಾನಿಗಳಲ್ಲಿ ಊರಿನ ಡಾಕ್ಟರುಗಳಿದ್ದರು, ವ್ಯಾಪಾರಿಗಳಿದ್ದರು. ಗಂಡ ಹೆಂಡತಿ ಒಟ್ಟಿಗೆ ಹೋಗಿದ್ದರು. ಆ ಒಂದು ರಾತ್ರಿ 70 ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡರು. 18 ಮಕ್ಕಳಿಗೆ ಇಬ್ಬರೂ ಇಲ್ಲವಾದರು. ಆರು ಆಟಗಾರರ ದೇಹ ಯಾರದು ಯಾವುದು ಅಂತ ಗುರುತು ಹಿಡಿಯಲಾಗಲಿಲ್ಲ. ಅವರನ್ನು ಊರಿನ ಸ್ಪ್ರಿಂಗ್ ಹಿಲ್ ಸ್ಮಶಾನದಲ್ಲಿ ಅಕ್ಕಪಕ್ಕ ಮಣ್ಣು ಮಾಡಿದರು.

ಇದರ ಬಗ್ಗೆ ಇನ್ನೂ ಹೇಳಬಹುದು. ಹೇಳುವುದಿಲ್ಲ. ಸಾವಿನ ರಾತ್ರಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾತಾಡಬೇಕಿರುವುದು ಮಾರನೆಯ ವರ್ಷದ ಬಗ್ಗೆ.

ಯಾರು ಉಳಿದರು ಅನ್ನುವುದನ್ನು ಮೊದಲು ನೋಡೋಣ. ಗಾಯವಾಗಿ ಆ ಪ್ರಯಾಣಕ್ಕೆ ಹೋಗದೇ ಇದ್ದ ಕೆಲವರು ಉಳಿದರು. ಅವರಲ್ಲಿ ನೇಟ್ ರಫಿನ್ ಎಂಬ ಹುಡುಗನ ಹೆಸರು ನೆನಪಿಡಿ. ಇನ್ನು ಮೊದಲ ವರ್ಷದ ಹುಡುಗರು. ಆ ಕಾಲದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಒಂದು ನಿಯಮವಿತ್ತು. ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವ ಹಾಗಿಲ್ಲ. ಒಂದು ವರ್ಷ ಓದಿಗೆ ಹೊಂದಿಕೊಳ್ಳಲಿ ಅಂತ ಮಾಡಿದ ನಿಯಮ. ಆ ನಿಯಮದಿಂದಾಗಿ ಅವರೆಲ್ಲ ಅವತ್ತು ಊರಲ್ಲೇ ಇದ್ದರು. ಅವರಲ್ಲಿ ರೆಜಿ ಆಲಿವರ್ ಒಬ್ಬ. ಅಲಬಾಮಾದಿಂದ ಬಂದಿದ್ದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಕೈಗೆ ಬಂದಾಗ ಮುಂದೇನು ಅಂತ ತೀರ್ಮಾನ ಮಾಡುವ ಆಟಗಾರ.

ಸಹಾಯಕ ಕೋಚ್‌ಗಳಲ್ಲಿ ರೆಡ್ ಡಾಸನ್ ಉಳಿದರು. ಆಟ ಮುಗಿದ ಮೇಲೆ ಅವರು ವಿಮಾನ ಹತ್ತದೆ ಕಾರಿನಲ್ಲಿ ಹೊರಟಿದ್ದರು, ಇನ್ನೊಂದು ಕಾಲೇಜಿನ ಹುಡುಗನೊಬ್ಬನನ್ನು ನೋಡಿಕೊಂಡು ಬರಲು. ಸತ್ತ ಹುಡುಗರಲ್ಲಿ ಎಷ್ಟೋ ಜನರ ಮನೆಗೆ ಹೋಗಿ, ಅಪ್ಪ ಅಮ್ಮನಿಗೆ ಮಾತು ಕೊಟ್ಟು ಕರೆತಂದವರು ಇದೇ ಡಾಸನ್. ಆಮೇಲೆ ಅದೇ ಹುಡುಗರ ಅಂತ್ಯಕ್ರಿಯೆಗೆ ಹೋದರು. ನಮ್ಮಲ್ಲೂ ಹಾಗೇ ಅಲ್ವಾ? ಟೂರ್ನಮೆಂಟಿಗೆ ಕರೆದುಕೊಂಡು ಹೋಗುವಾಗ ಮನೆಯವರು “ಸರ್, ನಿಮ್ಮ ಜವಾಬ್ದಾರಿ” ಅಂತಾರೆ. ಆ ಒಂದು ಮಾತು ಹೊತ್ತುಕೊಂಡು ನಾವು ರೈಲು ಹತ್ತುತ್ತೇವೆ. ಡಾಸನ್ ಅವರ ವಿಷಯ ಓದಿದಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತದೆ.

ತಂಡವನ್ನೇ ಮುಚ್ಚಿಬಿಡೋಣ ಅನ್ನುವ ಮಾತು ಗಟ್ಟಿಯಾಗಿಯೇ ಬಂತು. ಅದು ತಪ್ಪು ಮಾತು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಸಾವಾದ ವರ್ಷ ನಾವು ಹಬ್ಬ ಮಾಡುವುದಿಲ್ಲ. ಆದರೆ ಉಳಿದ ಹುಡುಗರು ಆಡಬೇಕು ಅಂದರು. ವಿಶ್ವವಿದ್ಯಾಲಯ ಒಪ್ಪಿತು. ಮೊದಲು ಒಬ್ಬರು ಕೋಚ್ ಆಗಿ ಬರಲು ಒಪ್ಪಿ, ಬಂದು, ಕೆಲವೇ ದಿನಗಳಲ್ಲಿ ಹಿಂದಿರುಗಿದರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. 1971ರ ಮಾರ್ಚ್‌ನಲ್ಲಿ ಜ್ಯಾಕ್ ಲೆಂಗೆಲ್ ಬಂದರು. ಓಹಾಯೊದ ವೂಸ್ಟರ್ ಎಂಬ ಸಣ್ಣ ಕಾಲೇಜಿನ ಕೋಚ್. ದೊಡ್ಡ ಹೆಸರೇನೂ ಇರಲಿಲ್ಲ.

ಮಾರ್ಚ್ ಅಂದರೆ ಏನು ಅಂತ ಯೋಚಿಸಿ. ಒಳ್ಳೆಯ ಹೈಸ್ಕೂಲು ಹುಡುಗರೆಲ್ಲ ಆ ಹೊತ್ತಿಗೆ ಬೇರೆ ಬೇರೆ ಕಾಲೇಜು ಸೇರಲು ಒಪ್ಪಿಕೊಂಡಾಗಿರುತ್ತದೆ. ಮೊದಲ ಆಟ ಸೆಪ್ಟೆಂಬರ್‌ನಲ್ಲಿ. ನಡುವೆ ಆರು ತಿಂಗಳು. ಹಳೆಯ ಮುಖ್ಯ ತಂಡದವರು ಬೆರಳೆಣಿಕೆಯಷ್ಟು. ಹಿಂದಿನ ವರ್ಷದ ಫ್ರೆಶ್‌ಮನ್, ಅಂದರೆ ಆಗ ಮೊದಲ ವರ್ಷದಲ್ಲಿದ್ದ ಹುಡುಗರು ಇದ್ದಾರೆ, ಆದರೆ ಮುಖ್ಯ ತಂಡದ ಒಂದು ಆಟವನ್ನೂ ಅವರು ಆಡಿಲ್ಲ. ಫುಟ್‌ಬಾಲ್ ತಂಡ ಅಂದರೆ ಹನ್ನೊಂದು ಜನ ಸಾಲದು. ಚೆಂಡು ನಮ್ಮ ಕೈಯಲ್ಲಿದ್ದಾಗ ಆಡುವ ಹನ್ನೊಂದು ಜನ ಬೇರೆ, ಎದುರಾಳಿಯನ್ನು ತಡೆಯುವ ಹನ್ನೊಂದು ಜನ ಬೇರೆ. ಒದೆಯುವವನು ಬೇರೆ. ಗಾಯವಾದರೆ ಬದಲಿಗೆ ಬೇರೆಯವರು. ಅರವತ್ತು ಎಪ್ಪತ್ತು ಜನ ಇರಬೇಕು.

ಹಾಗಾಗಿ ಮೊದಲ ಕೆಲಸ ಜನ ಹುಡುಕುವುದು. ಬ್ಯಾಸ್ಕೆಟ್‌ಬಾಲ್ ಆಡುವವರನ್ನು ಕೇಳಿದರು. ಹೈಸ್ಕೂಲಿನಲ್ಲಿ ಆಡಿ ಬಿಟ್ಟವರನ್ನು ಕೇಳಿದರು. ಸ್ಕಾಲರ್‌ಶಿಪ್ ಇಲ್ಲದೆ ಸುಮ್ನೆ ಬಂದು ಮೈದಾನದಲ್ಲಿ ನಿಂತವರನ್ನೂ ತೆಗೆದುಕೊಂಡರು. ಅಂಥವರನ್ನು ಅಲ್ಲಿ ವಾಕ್-ಆನ್ ಅನ್ನುತ್ತಾರೆ. ಇನ್ನೊಂದು ಮುಖ್ಯ ವಿಷಯ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯಿಂದ ಒಂದು ವಿನಾಯಿತಿ ಸಿಕ್ಕಿತು. ಆ ವರ್ಷ ಮಾರ್ಷಲ್ ಮೊದಲ ವರ್ಷದ ಹುಡುಗರನ್ನೂ ಆಡಿಸಬಹುದು. ಹಿಂದಿನ ವರ್ಷ ಆ ಹುಡುಗರನ್ನು ವಿಮಾನದಿಂದ ದೂರ ಇಟ್ಟಿದ್ದ ನಿಯಮವನ್ನೇ ಈಗ ತೆಗೆಸಿ ತಂಡ ತುಂಬಿಸಬೇಕಾಯಿತು. ಮರುವರ್ಷ ಆ ನಿಯಮ ಇಡೀ ದೇಶಕ್ಕೇ ಹೋಯಿತು, ಅದು ಬೇರೆ ವಿಷಯ.

ಹೀಗೆ ಹದಿನೆಂಟು, ಹತ್ತೊಂಬತ್ತು ವರ್ಷದ ಹುಡುಗರ ತಂಡ ಆಯಿತು. ಜನ ಅವರನ್ನು ‘ಯಂಗ್ ಥಂಡರಿಂಗ್ ಹರ್ಡ್’ ಅಂತ ಕರೆದರು. ಎಳೆಯ ಹಿಂಡು. ಸತ್ತವರ ಹೆಸರನ್ನು ಇವರ ಮೇಲೆ ಹಾಗೇ ಹೊರಿಸದೆ, ಒಂದು ಪದ ಸೇರಿಸಿ ಬೇರೆ ಮಾಡಿದರಲ್ಲ, ಅದು ನನಗೆ ಬಹಳ ಹಿಡಿಸಿದ ಸಂಗತಿ.

ಈಗ ಆಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ದಯವಿಟ್ಟು ಗಮನ ಕೊಡಿ.

ಲೆಂಗೆಲ್ ಎದುರು ಇದ್ದ ಕಷ್ಟ ಇದು. ಫುಟ್‌ಬಾಲಿನಲ್ಲಿ ಮುಂದಿನ ಸಾಲಿನ ಆಟಗಾರರು ಎದುರಾಳಿಯ ಸಾಲನ್ನು ಮೈಯಿಂದ ತಳ್ಳಿ ದಾರಿ ಮಾಡಬೇಕು. ಅದಕ್ಕೆ ತೂಕ ಬೇಕು, ಬಲ ಬೇಕು, ವರ್ಷಗಟ್ಟಲೆ ಪಳಗಿದ ಮೈ ಬೇಕು. ಅವರ ಹತ್ತಿರ ಇದ್ದದ್ದು ಎಳೆಯ, ತೆಳ್ಳನೆಯ ಹುಡುಗರು. ಇಪ್ಪತ್ತೆರಡು ವರ್ಷದ ಗಟ್ಟಿ ಆಳಿನ ಎದುರು ಹದಿನೆಂಟರ ಹುಡುಗನನ್ನು ನಿಲ್ಲಿಸಿ “ತಳ್ಳು” ಅಂದರೆ ಅವನು ತಳ್ಳುವುದಾದರೂ ಹೇಗೆ?

ಲೆಂಗೆಲ್ ಅದೇ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಕ್ಕೆ, ವೆಸ್ಟ್ ವರ್ಜೀನಿಯಾಕ್ಕೆ ಹೋದರು. ಅಲ್ಲಿಯ ಕೋಚ್ ಬಾಬಿ ಬೌಡೆನ್. ಆಗಿನ್ನೂ ಹೊಸಬರು, ಮುಂದೆ ಆ ದೇಶದ ಅತಿ ದೊಡ್ಡ ಕೋಚ್‌ಗಳಲ್ಲಿ ಒಬ್ಬರಾದರು. ನಮ್ಮ ಹುಡುಗರಿಗೆ ಒಂದು ಪಟ್ಟು ಕಲಿಸಿಕೊಡಿ ಅಂತ ಲೆಂಗೆಲ್ ಕೇಳಿದರು. ಬೌಡೆನ್ ತಮ್ಮ ಆಟದ ಪುಸ್ತಕ, ಫಿಲ್ಮುಗಳು ಎಲ್ಲ ತೆಗೆದು ಮುಂದಿಟ್ಟರು. ಕೋಚ್‌ಗಳಾದ ನಿಮಗೆ ಇದರ ಬೆಲೆ ಗೊತ್ತು. ಪಕ್ಕದ ತಾಲೂಕಿನ ಕಾಲೇಜಿಗೆ ನಮ್ಮ ಒಂದು ಪಟ್ಟನ್ನೂ ನಾವು ಹೇಳಿಕೊಡುವುದಿಲ್ಲ. ಅಪಘಾತ ಆದ ಮೇಲೆ ಬೌಡೆನ್ ಅವರ ಹುಡುಗರು ತಮ್ಮ ಹೆಲ್ಮೆಟ್‌ಗಳ ಮೇಲೆ ಹಸಿರು ಶಿಲುಬೆ ಮತ್ತು ಮಾರ್ಷಲ್ ಹೆಸರಿನ ಎರಡು ಅಕ್ಷರ ಹಾಕಿಕೊಂಡಿದ್ದರು.

ಲೆಂಗೆಲ್ ಅಲ್ಲಿಂದ ತಂದದ್ದು ‘ವೀರ್’ ಎಂಬ ಆಟದ ಕ್ರಮ. ಅರವತ್ತರ ದಶಕದಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಬಿಲ್ ಯೋಮನ್ ಎಂಬ ಕೋಚ್ ಇದನ್ನು ಬೆಳೆಸಿದ್ದರು. ಇದು ಹೇಗೆ ನಡೆಯುತ್ತದೆ ನೋಡಿ. ಕ್ವಾರ್ಟರ್‌ಬ್ಯಾಕ್ ಹಿಂದೆ ಇಬ್ಬರು ಓಟಗಾರರು, ಎಡಕ್ಕೊಬ್ಬ ಬಲಕ್ಕೊಬ್ಬ. ಚೆಂಡು ಕೈಗೆ ಬಂದ ತಕ್ಷಣ ಕ್ವಾರ್ಟರ್‌ಬ್ಯಾಕ್ ಅದನ್ನು ಮುನ್ನುಗ್ಗಿ ಬರುವ ಮೊದಲ ಓಟಗಾರನ ಹೊಟ್ಟೆಗೆ ಒತ್ತುತ್ತಾನೆ. ಆದರೆ ಕೈ ಬಿಡುವುದಿಲ್ಲ. ಅವನ ಕಣ್ಣು ಎದುರಾಳಿಯ ಸಾಲಿನ ಒಬ್ಬನ ಮೇಲಿರುತ್ತದೆ. ಆ ಒಬ್ಬನನ್ನು ನಮ್ಮ ಕಡೆಯವರು ಬೇಕೆಂದೇ ತಡೆಯುವುದಿಲ್ಲ. ಮುಟ್ಟುವುದೂ ಇಲ್ಲ. ಅವನು ಓಟಗಾರನ ಮೇಲೆ ಬಿದ್ದರೆ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಳೆದುಕೊಂಡು ತಾನೇ ಹೊರಗಡೆಯಿಂದ ಓಡುತ್ತಾನೆ. ಅವನು ಕ್ವಾರ್ಟರ್‌ಬ್ಯಾಕ್ ಕಡೆಗೆ ತಿರುಗಿದರೆ, ಚೆಂಡು ಓಟಗಾರನ ಹತ್ತಿರವೇ ಉಳಿಯುತ್ತದೆ. ಹೊರಗೆ ಓಡಿದ ಕ್ವಾರ್ಟರ್‌ಬ್ಯಾಕ್‌ಗೆ ಇನ್ನೊಬ್ಬ ಎದುರಾಳಿ ಸಿಗುತ್ತಾನೆ. ಅವನನ್ನೂ ಯಾರೂ ತಡೆದಿರುವುದಿಲ್ಲ. ಅವನು ಮೈಮೇಲೆ ಬಂದರೆ ಚೆಂಡು ಎರಡನೆಯ ಓಟಗಾರನಿಗೆ.

ಲೆಕ್ಕ ಹಾಕಿ ನೋಡಿ. ಎದುರಾಳಿಯ ಇಬ್ಬರು ಗಟ್ಟಿ ಆಟಗಾರರನ್ನು ನಾವು ಮೈಯಿಂದ ತಡೆಯಲೇ ಇಲ್ಲ. ಅವರೇನು ಮಾಡುತ್ತಾರೆ ಅಂತ ನೋಡಿ, ಅದಕ್ಕೆ ವಿರುದ್ಧವಾದದ್ದನ್ನು ಮಾಡಿದೆವು. ಅವರನ್ನು ತಳ್ಳಬೇಕಿದ್ದ ನಮ್ಮ ಇಬ್ಬರು ಈಗ ಬಿಡುವಾದರು. ಆ ಇಬ್ಬರು ಪಕ್ಕದವನಿಗೆ ಜೊತೆಯಾದರೆ ಒಬ್ಬ ದೊಡ್ಡ ಆಳಿನ ಎದುರು ನಮ್ಮ ಇಬ್ಬರು ತೆಳ್ಳನೆಯ ಹುಡುಗರು. ತೂಕ ಸರಿಹೋಯಿತು! ಇದಕ್ಕೆ ಬೇಕಾದದ್ದು ದೊಡ್ಡ ಮೈ ಅಲ್ಲ. ಚುರುಕು ಕಾಲು, ತಣ್ಣನೆಯ ತಲೆ, ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡುವ ಒಬ್ಬ ಹುಡುಗ. ಆ ಹುಡುಗ ಆಲಿವರ್.

ನಾನು ಈ ವಿಷಯ ಮೊದಲ ಸಲ ಓದಿದಾಗ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆ ಅಂತ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಕಾಲೇಜಿಗೆ ವರ್ಗವಾಗಿ ಹೋದೆ. ಅಲ್ಲಿಯ ಕಬಡ್ಡಿ ತಂಡಕ್ಕೆ ಒಳ್ಳೆಯ ಹೆಸರಿತ್ತು. ನಾನು ಹೋಗುವ ಹೊತ್ತಿಗೆ ಏಳರಲ್ಲಿ ಐದು ಜನ ಡಿಗ್ರಿ ಮುಗಿಸಿ ಹೋಗಿದ್ದರು. ಹೋದವರು ಕಬ್ಬಿನ ಗದ್ದೆಯಲ್ಲಿ ದುಡಿದು ಗಟ್ಟಿಯಾದ ಆಳುಗಳು. ಕವರ್‌ನಲ್ಲಿ ನಿಂತು ರೈಡರನ್ನು ಎದೆಗೆ ಅಪ್ಪಿ ಎತ್ತಿಬಿಡುತ್ತಿದ್ದರಂತೆ. ಹೊಸಬರು ಐವತ್ತು ಕೆಜಿಯ ಹುಡುಗರು. ನಾನು ಅವರಿಗೂ ಅದನ್ನೇ ಕಲಿಸಿದೆ. ಹಳೆಯ ತಂಡ ಹೇಗೆ ಹಿಡಿಯುತ್ತಿತ್ತೋ ಹಾಗೇ ಹಿಡಿಯಿರಿ ಅಂದೆ. ಇಡೀ ವರ್ಷ ಸೋತೆವು. ಒಬ್ಬ ಹುಡುಗನ ಭುಜ ಜಾರಿತು. ಅವನು ಮತ್ತೆ ಅಂಕಣಕ್ಕೆ ಬರಲಿಲ್ಲ. ಅವನ ಕಾಲು ಬಹಳ ಚುರುಕಾಗಿತ್ತು. ಕಾರ್ನರ್‌ನಲ್ಲಿ ನಿಲ್ಲಿಸಿ ಆಂಕಲ್ ಹೋಲ್ಡ್ ಕಲಿಸಬೇಕಿತ್ತು. ಅದು ನನಗೆ ಆಮೇಲೆ ಹೊಳೆಯಿತು. ತಪ್ಪು ನನ್ನದೇ. ಎದುರಿಗಿದ್ದ ಹುಡುಗರನ್ನು ನಾನು ನೋಡಲಿಲ್ಲ, ಹೋದವರನ್ನೇ ನೋಡುತ್ತಿದ್ದೆ.

ಲೆಂಗೆಲ್ ಜಾಗದಲ್ಲಿ ಹೋದವರ ಕಡೆ ನೋಡದೆ ಇರುವುದು ಎಷ್ಟು ಕಷ್ಟ ಇದ್ದಿರಬೇಕು! ಇಡೀ ಊರು ಹೋದವರನ್ನೇ ನೋಡುತ್ತಿತ್ತು. ತಂಡದ ಒಳಗೂ ಎರಡು ಬಗೆಯ ಹುಡುಗರು. ರಫಿನ್‌ನಂಥವರಿಗೆ ಖಾಲಿಯಾದ ಪ್ರತಿ ಲಾಕರ್ ಒಬ್ಬ ಗೆಳೆಯ. ಹೊಸದಾಗಿ ಬಂದ ಹುಡುಗನಿಗೆ ಅದು ತನ್ನ ಬಟ್ಟೆ ಇಡುವ ಜಾಗ. ಅಂಥ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಆಡಿಸಬೇಕು. ರಫಿನ್ ಆ ವರ್ಷದ ನಾಯಕರಲ್ಲಿ ಒಬ್ಬನಾದ. ಡಾಸನ್ ಒಂದು ವರ್ಷದ ಮಟ್ಟಿಗೆ ಕೋಚ್ ಆಗಿ ಉಳಿಯಲು ಒಪ್ಪಿದರು. ಹೊಸ ಕೋಚ್ ಹಳಬರನ್ನು ಕಳಿಸಿ ತನ್ನವರನ್ನೇ ತುಂಬಿಕೊಳ್ಳುವುದು ಅಲ್ಲೂ ಇಲ್ಲೂ ರೂಢಿ. ಲೆಂಗೆಲ್ ಡಾಸನ್ ಅವರನ್ನು ಜೊತೆಯಲ್ಲಿ ಇಟ್ಟುಕೊಂಡದ್ದು ಆ ವರ್ಷ ಅವರು ಮಾಡಿದ ಅತಿ ಒಳ್ಳೆಯ ಕೆಲಸ ಅಂತ ನನಗೆ ಅನ್ನಿಸುತ್ತದೆ. ಹಳೆಯ ಹುಡುಗರ ದುಃಖ ಗೊತ್ತಿದ್ದ ಒಬ್ಬರು ಮೈದಾನದಲ್ಲಿ ಇದ್ದರು.

ಅಧ್ಯಕ್ಷ ನಿಕ್ಸನ್ ತಂಡಕ್ಕೆ ಒಂದು ಪತ್ರ ಬರೆದರು. 1971ರ ತಂಡವನ್ನು ಮೈದಾನಕ್ಕೆ ಇಳಿಸಿದ್ದೇ ನಿಮ್ಮ ದೊಡ್ಡ ಗೆಲುವು ಅನ್ನುವ ಅರ್ಥದ ಪತ್ರ. ಒಳ್ಳೆಯ ಮನಸ್ಸಿನಿಂದ ಬರೆದದ್ದೇ. ಆದರೆ ಕೋಚ್ ಆದವನು ಆ ಮಾತಿನ ಮೇಲೆ ಕೂರುವ ಹಾಗಿಲ್ಲ. ಮೈದಾನಕ್ಕೆ ಇಳಿದ ಹುಡುಗನಿಗೆ ನಿಜವಾಗಿ ಗೆಲ್ಲಬೇಕು ಅಂತಲೇ ಇರುತ್ತದೆ. “ನೀನು ಬಂದದ್ದೇ ಸಾಕಪ್ಪಾ” ಅಂತ ಬೆನ್ನು ತಟ್ಟಿದರೆ ಅವನಿಗೆ ಅದು ಅನುಕಂಪದ ಹಾಗೆ ಕೇಳಿಸುತ್ತದೆ.

ಸೆಪ್ಟೆಂಬರ್ 18, ಮೊದಲ ಆಟ, ಎದುರಾಳಿಯ ಊರಾದ ಮೋರ್‌ಹೆಡ್‌ನಲ್ಲಿ. 29–6ರಿಂದ ಸೋತರು. ಒಂದು ಟಚ್‌ಡೌನ್ ಬಂತು, ಅಷ್ಟೇ.

ಸೆಪ್ಟೆಂಬರ್ 25, ಊರಿನಲ್ಲಿ ಮೊದಲ ಆಟ. ಫೇರ್‌ಫೀಲ್ಡ್ ಸ್ಟೇಡಿಯಂ. ಎದುರಾಳಿ ಓಹಾಯೊದ ಝೇವಿಯರ್ ವಿಶ್ವವಿದ್ಯಾಲಯ. ಅಪಘಾತ ಆದ ಮೇಲೆ ಹಂಟಿಂಗ್ಟನ್ ಜನ ತಮ್ಮ ತಂಡವನ್ನು ತಮ್ಮ ಮೈದಾನದಲ್ಲಿ ನೋಡುತ್ತಿರುವುದು ಇದೇ ಮೊದಲು. ಮೊದಲು ಒಂದು ಫೀಲ್ಡ್ ಗೋಲ್. ಆಮೇಲೆ ಒಂದು ಟಚ್‌ಡೌನ್. ಝೇವಿಯರ್ ಮತ್ತೆ ಮುಂದೆ ಹೋಯಿತು. ಕೊನೆಗೆ 13–9. ಮಾರ್ಷಲ್ ನಾಲ್ಕು ಅಂಕ ಹಿಂದೆ. ಅಂದರೆ ಫೀಲ್ಡ್ ಗೋಲ್ ಹೊಡೆದರೂ ಸಾಲದು, ಟಚ್‌ಡೌನ್ ಬೇಕೇ ಬೇಕು. ಚೆಂಡು ಗೆರೆಯಿಂದ 13 ಗಜ ದೂರ. ಇನ್ನು ಒಂದೇ ಒಂದು ಸಲ ಚೆಂಡು ಆಡಲು ಸಮಯ ಉಳಿದಿದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಚೆಂಡನ್ನು ಗೆರೆಯ ಆಚೆಗೆ ಎಸೆಯುತ್ತಾರೆ. ಎದುರಾಳಿಯೂ ಅದಕ್ಕೇ ಕಾಯುತ್ತಿರುತ್ತದೆ. ಮಾರ್ಷಲ್ ಆಡಿದ್ದು ಸ್ಕ್ರೀನ್ ಪಾಸ್. ಆಲಿವರ್ ಚೆಂಡು ಹಿಡಿದು ಒಂದು ಪಕ್ಕಕ್ಕೆ ಓಡಿದ. ಎದುರಾಳಿಗಳು ಅವನ ಹಿಂದೆ ಬಿದ್ದರು. ಬರಲಿ ಅಂತ ಮಾರ್ಷಲ್ ಹುಡುಗರು ಬಿಟ್ಟರು. ಅವರೆಲ್ಲ ಒಂದು ಕಡೆ ವಾಲಿದ ಮೇಲೆ ಆಲಿವರ್ ಚೆಂಡನ್ನು ಇನ್ನೊಂದು ಪಕ್ಕಕ್ಕೆ, ಹತ್ತಿರದಲ್ಲೇ ಇದ್ದ ಟೆರಿ ಗಾರ್ಡ್ನರ್‌ಗೆ ಎಸೆದ. ಗಾರ್ಡ್ನರ್ ಆ ವರ್ಷವಷ್ಟೇ ಕಾಲೇಜು ಸೇರಿದ ಹುಡುಗ. ಎನ್‌ಸಿಎಎ ವಿನಾಯಿತಿ ಇಲ್ಲದಿದ್ದರೆ ಅವನು ಅವತ್ತು ಮೈದಾನದಲ್ಲಿ ಇರುತ್ತಲೇ ಇರಲಿಲ್ಲ. ಮುಂದಿನ ಸಾಲಿನ ಜ್ಯಾಕ್ ಕ್ರ್ಯಾಬ್‌ಟ್ರೀ ಒಬ್ಬನನ್ನು ತಡೆದು ದಾರಿ ಬಿಡಿಸಿದ. ಗಾರ್ಡ್ನರ್ ಓಡಿ ಗೆರೆ ದಾಟಿದ. ಗಡಿಯಾರದಲ್ಲಿ ಏನೂ ಉಳಿದಿರಲಿಲ್ಲ. 15–13.

ನೋಡಿ, ಇದೂ ಅದೇ ಲೆಕ್ಕ. ವೀರ್‌ನಲ್ಲಿ ಒಬ್ಬನನ್ನು ತಡೆಯದೆ ಬಿಡುತ್ತಾರೆ. ಸ್ಕ್ರೀನ್ ಪಾಸ್‌ನಲ್ಲಿ ಇಡೀ ದಂಡನ್ನೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಬಲದಲ್ಲಿ ತಡೆಯಲಾಗದವರನ್ನು ಅವರ ವೇಗದಿಂದಲೇ ತಪ್ಪು ಜಾಗಕ್ಕೆ ಕಳಿಸುವುದು. ನಮ್ಮ ಹಳ್ಳಿ ಕಡೆ ಕಬಡ್ಡಿ ನೋಡಿದವರಿಗೆ ಇದು ಹೊಸದಲ್ಲ. ಅಂಕಣದಲ್ಲಿ ಮೂವರೇ ಉಳಿದಾಗ ಜಾಣ ಕಾರ್ನರ್ ಹಿಂದೆ ಹಿಂದೆ ಸರಿಯುತ್ತಾನೆ. ರೈಡರ್ ಆಸೆಯಿಂದ ಇನ್ನೊಂದು ಹೆಜ್ಜೆ ಒಳಗೆ ಬರುತ್ತಾನೆ. ಆಗ ಕಾಲಿಗೆ ಕೈ ಬೀಳುತ್ತದೆ.

ಆಟ ಮುಗಿದ ಮೇಲೆ ಜನ ಮೈದಾನಕ್ಕೆ ನುಗ್ಗಿದರು. ಬಹಳ ಹೊತ್ತು ಮನೆಗೆ ಹೋಗಲಿಲ್ಲ. ಹಿಂದಿನ ಚಳಿಗಾಲವೆಲ್ಲ ಅಂತ್ಯಕ್ರಿಯೆಗಳಿಗೆ ಹೋಗಿಬಂದ ಊರು ಅದು. ಈಗ ಎಲ್ಲರೂ ಒಂದೇ ಕಡೆ ನಿಂತು ಅಳುತ್ತಿದ್ದರು, ನಗುತ್ತಿದ್ದರು.

ಇಲ್ಲಿಗೆ ಕಥೆ ನಿಲ್ಲಿಸುವುದು ಸುಲಭ. ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮುಂದಿನ ಶನಿವಾರ ಮತ್ತೆ ಆಟ ಇತ್ತು. ಅದರ ಮುಂದಿನ ಶನಿವಾರವೂ ಇತ್ತು. ಒಂದು ದಿನ ಮಯಾಮಿ ಎಂಬ ಓಹಾಯೊದ ಇನ್ನೊಂದು ವಿಶ್ವವಿದ್ಯಾಲಯದ ಎದುರು 66–6ರಿಂದ ಸೋತರು. ಅರವತ್ತಾರು! ನನ್ನ ಮಟ್ಟಿಗೆ ಲೆಂಗೆಲ್ ಅವರ ಕೆಲಸದ ಅಳತೆ ಝೇವಿಯರ್ ಆಟ ಅಲ್ಲ. ಆ 66–6ರ ನಂತರದ ಸೋಮವಾರ. ಗೆದ್ದ ಹುಡುಗರು ಅಭ್ಯಾಸಕ್ಕೆ ತಾವಾಗಿಯೇ ಬರುತ್ತಾರೆ. ಅಷ್ಟು ಅಂಕ ಹೊಡೆಸಿಕೊಂಡ ಹದಿನೆಂಟು ವರ್ಷದ ಹುಡುಗ, ಸ್ಕಾಲರ್‌ಶಿಪ್ ಕೂಡ ಇಲ್ಲದೆ ಬಂದವನು, ಸೋಮವಾರ ಮತ್ತೆ ಬೂಟು ಕಟ್ಟಿಕೊಂಡು ಬರಬೇಕಾದರೆ ಮೈದಾನದಲ್ಲಿ ಅವನಿಗೆ ಏನೋ ಒಂದು ಸಿಗುತ್ತಿರಬೇಕು. ಅವನ ಹೆಸರು ಕರೆಯುವವರು ಇರಬೇಕು. ತನ್ನಿಂದ ಆಗುವಂಥ ಒಂದು ಕೆಲಸ ಅಲ್ಲಿ ಇರಬೇಕು. ವೀರ್ ಅವರಿಗೆ ಅಂಥ ಕೆಲಸ ಕೊಟ್ಟಿತ್ತು.

ಅವರು ಬಂದರು. ಋತುವಿನ ಕೊನೆಯ ಭಾಗದಲ್ಲಿ, ತಮ್ಮದೇ ಊರಿನಲ್ಲಿ, ಬೌಲಿಂಗ್ ಗ್ರೀನ್ ತಂಡವನ್ನು 12–10ರಿಂದ ಗೆದ್ದರು. ಅದು ಎರಡನೆಯ ಗೆಲುವು, ಆ ವರ್ಷದ ಕೊನೆಯ ಗೆಲುವೂ ಅದೇ. ಝೇವಿಯರ್ ಮೇಲಿನ ಗೆಲುವಿನ ಬಗ್ಗೆ ಎಲ್ಲರಿಗೂ ಗೊತ್ತು. ನನಗೆ ಈ 12–10 ಜಾಸ್ತಿ ಇಷ್ಟ. ಮೊದಲನೆಯದಕ್ಕೆ ಇಡೀ ಊರಿನ ಕಣ್ಣೀರು ಜೊತೆಗಿತ್ತು. ಎರಡನೆಯದನ್ನು ಆ ಹುಡುಗರು ಸೋತು ಸೋತು ಕಲಿತು ಗೆದ್ದರು.

ಮುಂದಿನ ವರ್ಷಗಳನ್ನೂ ಮುಚ್ಚಿಡದೆ ಹೇಳಬೇಕು. 1972ರಲ್ಲಿ ಮತ್ತೆ ಎರಡು ಗೆಲುವು, ಎಂಟು ಸೋಲು. 1973ರಲ್ಲಿ ನಾಲ್ಕು, ಏಳು. 1974ರಲ್ಲಿ ಒಂದು, ಹತ್ತು. ನಾಲ್ಕು ವರ್ಷಗಳಲ್ಲಿ ಒಟ್ಟು 9 ಗೆಲುವು, 33 ಸೋಲು. ಆಮೇಲೆ ಲೆಂಗೆಲ್ ಹೊರಟರು. ಮುಂದೆ ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಬಹಳ ವರ್ಷ ಕ್ರೀಡಾ ನಿರ್ದೇಶಕರಾಗಿದ್ದರು. ಮಾರ್ಷಲ್ ತಂಡ ಸೋಲಿಗಿಂತ ಗೆಲುವು ಜಾಸ್ತಿ ಇರುವ ಒಂದು ಋತುವನ್ನು ನೋಡಿದ್ದು 1984ರಲ್ಲಿ. 1992ರಲ್ಲಿ ತನ್ನ ವಿಭಾಗದ ರಾಷ್ಟ್ರೀಯ ಚಾಂಪಿಯನ್ ಆಯಿತು. 1996ರಲ್ಲಿ ಮತ್ತೆ, ಅದೂ ಒಂದೂ ಆಟ ಸೋಲದೆ.

ಒಂದು ತಂಡದ ಬೇರು ಹಿಡಿಯಲು ಎಷ್ಟು ಕಾಲ ಬೇಕು ಅನ್ನುವುದಕ್ಕೆ ಈ ವರ್ಷಗಳನ್ನು ನೋಡಿ. ನಮ್ಮಲ್ಲಿ ಹೊಸ ಕೋಚ್ ಬಂದು ಎರಡು ಟೂರ್ನಮೆಂಟ್ ಸೋತರೆ ಸ್ಟಾಫ್ ರೂಮಿನಲ್ಲಿ ಮಾತು ಶುರುವಾಗುತ್ತದೆ. ಲೆಂಗೆಲ್ ಅವರನ್ನು ನಾಲ್ಕು ವರ್ಷ ಇಟ್ಟುಕೊಂಡರು.

ಮಾತಿನ ಕೊನೆಯಲ್ಲಿ ಒಬ್ಬ ಯುವ ಶಿಕ್ಷಕರು ಎದ್ದು ನಿಂತು ಕೇಳಿದರು: “ಸರ್, ಆ ಡಾಸನ್ ಏನಾದರು?” ಅವರ ವಿಷಯ ಅರ್ಧಕ್ಕೇ ಬಿಟ್ಟಿದ್ದೆ. ಕೇಳಿದ್ದಕ್ಕೆ ಸಂತೋಷವಾಯಿತು.

ಮಾರ್ಷಲ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಒಂದು ಕಾರಂಜಿ ಇದೆ. ಹ್ಯಾರಿ ಬರ್ಟೋಯಾ ಎಂಬ ಶಿಲ್ಪಿ ಮಾಡಿದ್ದು, 1972ರ ನವೆಂಬರ್‌ನಲ್ಲಿ ಅರ್ಪಿಸಿದ್ದು. ಪ್ರತಿ ವರ್ಷ ನವೆಂಬರ್ 14ರಂದು ಜನ ಅದರ ಸುತ್ತ ಸೇರುತ್ತಾರೆ. 75 ಜನರನ್ನು ನೆನೆದು ನೀರು ನಿಲ್ಲಿಸುತ್ತಾರೆ. ವಸಂತ ಬರುವವರೆಗೂ ಅದು ಒಣಗಿ ನಿಂತಿರುತ್ತದೆ. ಆ ಸಭೆಗಳಿಗೆ ಹೋಗುವುದು ಡಾಸನ್ ಅವರಿಂದ ಬಹಳ ವರ್ಷ ಆಗಲಿಲ್ಲ. 1971ರ ಕೊನೆಯ ಆಟ ಮುಗಿಯುವವರೆಗೆ ಅವರು ಹುಡುಗರ ಜೊತೆ ಇದ್ದರು. ಒಂದು ವರ್ಷ ಅಂತ ಒಪ್ಪಿಕೊಂಡಿದ್ದರು, ಆ ಒಂದು ವರ್ಷ ಪೂರ್ತಿ ಕೊಟ್ಟರು. ಆಮೇಲೆ ಕೋಚ್ ಕೆಲಸ ಬಿಟ್ಟರು. ಊರು ಮಾತ್ರ ಬಿಡಲಿಲ್ಲ. ಹಂಟಿಂಗ್ಟನ್‌ನಲ್ಲೇ ಕಟ್ಟಡ ಕಟ್ಟುವ ಕೆಲಸ ಹಿಡಿದರು.